ಬೇಡವಾದರೆ ಗೇಟಿನಲ್ಲೇ ಹೇಳಿ

ನಾನು ಬರೆಯದ ಪತ್ರಗಳನ್ನು ಮೂರು ದಿನ ಕುಳಿತು ಅಳಿಸಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಈ ಬರಹ ಉದ್ದವಾಗುತ್ತದೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಹದಿನೆಂಟು ಜನರ ಒಂದು ಮಷೀನ್ ಶಾಪ್‌ನಲ್ಲಿ ನನ್ನ ಕೆಲಸ. ಫೌಂಡ್ರಿಯಿಂದ ಕಾಸ್ಟಿಂಗ್ ತಂದು, ಟರ್ನಿಂಗ್, ಡ್ರಿಲ್ಲಿಂಗ್ ಮಾಡಿ ಪಂಪ್ ತಯಾರಿಸುವವರಿಗೆ ಕೊಡುತ್ತೇವೆ. ನಾನು ಸೇರಿದ್ದು ಸ್ಟೋರ್ಸ್ ನೋಡಿಕೊಳ್ಳಲು. ಕಂಪ್ಯೂಟರಿಗೆ ಹೆದರುವುದಿಲ್ಲ ಎಂಬ ಒಂದೇ ಅಪರಾಧಕ್ಕೆ ಪ್ರಿಂಟರ್, ಸಿಸಿಟಿವಿ, ಇಮೇಲ್ ಎಲ್ಲವೂ ನನ್ನ ಕೊರಳಿಗೆ ಬಿದ್ದಿವೆ. ಆ ಸೋಮವಾರ ಚಹಾ ಬರುವ ಮೊದಲೇ ಇಮೇಲ್ ತೆರೆದೆ. 2,300ಕ್ಕೂ ಹೆಚ್ಚು ಹೊಸ ಪತ್ರಗಳು. ನಮಗೆ ವಾರಕ್ಕೆ ಎಂಬತ್ತು ಬಂದರೆ ಅದೇ ದೊಡ್ಡದು.

ಎಲ್ಲವೂ ಒಂದೇ ರಾಗ: ನೀವು ಕಳುಹಿಸಿದ ಪತ್ರವನ್ನು ತಲುಪಿಸಲಾಗಲಿಲ್ಲ. ಕಳುಹಿಸಿದವರ ಹೆಸರು ಮೇಲರ್-ಡೀಮನ್. ಕಾರಣದ ಜಾಗದಲ್ಲಿ 550 5.1.1, ಅಂದರೆ ಆ ಹೆಸರಿನವರು ಇಲ್ಲಿ ಇಲ್ಲ. ಕೆಲವು ರಷ್ಯನ್ ಲಿಪಿಯಲ್ಲಿ, ಕೆಲವು ಚೀನಿಯಲ್ಲಿ. ಕೆಳಗೆ ನಾವು ಬರೆದೆವೆನ್ನಲಾದ ಮೂಲ ಪತ್ರ: ಹದಿನೈದು ದಿನಗಳಲ್ಲಿ ಹೊಟ್ಟೆ ಕರಗಿಸುವ ಗುಳಿಗೆ. ನಮ್ಮ ಲೆಕ್ಕದ ಕಾಕಾ ಹೆಗಲ ಮೇಲಿಂದ ಬಗ್ಗಿ ನೋಡಿ, "ಡೀಮನ್ ಎಂದರೆ ದೆವ್ವ ಅಲ್ಲವೇನೋ ತಮ್ಮಾ?" ಎಂದರು. ಅಲ್ಲ ಕಾಕಾ, ಸರ್ವರಿನ ಹಿಂಬದಿಯಲ್ಲಿ ಸುಮ್ಮನೆ ಓಡುತ್ತಿರುವ ಪ್ರೋಗ್ರಾಮಿಗೆ ಹಾಗೆ ಹೆಸರಿಟ್ಟಿದ್ದಾರೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮರುದಿನ ನಿಂಬೆಹಣ್ಣು ತಂದು ಮಾನಿಟರಿನ ಪಕ್ಕದಲ್ಲಿಟ್ಟರು. ಅದು ಈಗಲೂ ಅಲ್ಲಿಯೇ ಒಣಗುತ್ತಿದೆ.

ಮಾಲೀಕರದು ಬೇರೆ ಚಿಂತೆ. "ಯಾರೋ ಒಳಗೆ ಹೊಕ್ಕಿದ್ದಾರೆ, ಎಲ್ಲರ ಪಾಸ್‌ವರ್ಡ್ ಬದಲಿಸಪ್ಪಾ" ಎಂದರು. ನಾನೂ ಹೌದೆಂದು ನಂಬಿ ಅರ್ಧ ದಿನ ಅದರಲ್ಲೇ ಕಳೆದೆ. ಮೊದಲು ಮಾಡಬೇಕಾದ ಕೆಲಸ ಅದಲ್ಲ. ಮೊದಲು ನಮ್ಮ ಸರ್ವರಿನ ಲಾಗ್, ಅಂದರೆ ಬಂದು ಹೋದ ಪತ್ರಗಳ ದಾಖಲೆ ನೋಡಬೇಕಿತ್ತು: ನಮ್ಮಿಂದ ಆ ಪತ್ರಗಳು ಹೊರಟಿವೆಯೇ? ಒಂದೂ ಹೊರಟಿರಲಿಲ್ಲ. ವಾಪಸ್ ಬಂದ ಪತ್ರದೊಳಗಿನ ಮೂಲ ಹೆಡರ್, ಅಂದರೆ ಪತ್ರದ ತಲೆಯಲ್ಲಿ ಅಡಗಿರುವ ಪ್ರಯಾಣದ ವಿವರ ಬಿಚ್ಚಿ ನೋಡಿದರೂ ತಿಳಿಯುತ್ತದೆ. ಪತ್ರ ಹಾದುಹೋದ ಪ್ರತಿ ಸರ್ವರ್ ಅಲ್ಲಿ 'ರಿಸೀವ್ಡ್' ಎಂದು ಒಂದು ಸಾಲು ಮೇಲೆ ಸೇರಿಸುತ್ತದೆ. ಕೆಳಗಿನ ಸಾಲುಗಳನ್ನು ಕಳ್ಳ ತಾನೇ ಬರೆದಿರಬಹುದು, ಆದರೆ ಪತ್ರವನ್ನು ಒಳಗೆ ತೆಗೆದುಕೊಂಡ ಸರ್ವರ್ ಬರೆದ ಸಾಲನ್ನು ಅವನು ತಿದ್ದಲಾರ. ನಾನು ನೋಡಿದ ಯಾವ ಪತ್ರದಲ್ಲೂ ಆ ಸಾಲಿನಲ್ಲಿ ನಮ್ಮ ಸರ್ವರಿನ ಸುಳಿವಿರಲಿಲ್ಲ. ಮನೆಗೆ ಕಳ್ಳ ನುಗ್ಗಿರಲಿಲ್ಲ, ಊರೆಲ್ಲ ತಿರುಗಿ ನಮ್ಮ ಮನೆಯ ಹೆಸರು ಹೇಳುತ್ತಿದ್ದ, ಅಷ್ಟೆ.

ಇದನ್ನು ನನಗಿಂತ ಬೇಗ ಅರ್ಥ ಮಾಡಿಕೊಂಡವರು ಅಪ್ಪ. ಅವರು ಬೈಲಹೊಂಗಲದ ಕಡೆ ಮೂವತ್ತು ವರ್ಷ ಅಂಚೆ ಹಂಚಿದವರು. ರಾತ್ರಿ ಊಟಕ್ಕೆ ಕುಳಿತಾಗ ಹೇಳಿದೆ. ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿ, "ಇದು ಬೇರಿಂಗ್ ಪತ್ರದ ಆಟ" ಎಂದರು. ನಮ್ಮ ಶಾಪಿನಲ್ಲಿ ಬೇರಿಂಗ್ ಎಂದರೆ ಬೇರೆ, ಈಗಿನವರಿಗೆ ಹೇಳಬೇಕಾಗುತ್ತದೆ: ಸ್ಟಾಂಪ್ ಹಚ್ಚದೆ ಡಬ್ಬಿಗೆ ಹಾಕಿದ ಪತ್ರ. ಪಡೆಯುವವರು ದುಪ್ಪಟ್ಟು ತೆರಬೇಕು. ಅವರು ಸಿಗದಿದ್ದರೆ ಕಳುಹಿಸಿದವರ ವಿಳಾಸಕ್ಕೆ ಹೋಗಿ ಅವರಿಂದ ವಸೂಲಿ. ಅಪ್ಪನ ಬೀಟಿನಲ್ಲಿ ಒಬ್ಬನಿಗೆ ದಾಯಾದಿಯ ಜೊತೆ ಹೊಲದ ಜಗಳ. ಅವನು ಪುಣೆಯ ಇಲ್ಲದ ಗಲ್ಲಿಯ ಇಲ್ಲದ ಮನುಷ್ಯನಿಗೆ ಸ್ಟಾಂಪಿಲ್ಲದ ಲಕೋಟೆ ಹಾಕುತ್ತಿದ್ದ, ಹಿಂಬದಿಯಲ್ಲಿ ಕಳುಹಿಸಿದವರ ಜಾಗದಲ್ಲಿ ದಾಯಾದಿಯ ಹೆಸರು ಬರೆಯುತ್ತಿದ್ದ. ಲಕೋಟೆ ಪುಣೆಗೆ ಹೋಗಿ, ವಿಳಾಸ ಸಿಗದೆ ತಿರುಗಿ ಬಂದು ದಾಯಾದಿಯ ಬಾಗಿಲಿಗೆ ನಿಲ್ಲುತ್ತಿತ್ತು. ದಂಡ ಕೊಟ್ಟು ಒಡೆದರೆ ಒಳಗೆ ಅವನಿಗೇ ಬೈಗುಳ! ಮೂರನೆಯ ಸಲ ಅಪ್ಪ ಮೊದಲ ಅಂಚೆ ಮುದ್ರೆ ನೋಡಿದರಂತೆ. ದಾಯಾದಿ ಕಾಲಿಡದ ಊರಿನ ಠಸ್ಸೆ, ಜಗಳಗಂಟನ ಹೆಂಡತಿಯ ತವರೂರು. ನನ್ನ 'ರಿಸೀವ್ಡ್' ಸಾಲೂ ಅದೇ ಕೆಲಸ ಮಾಡುತ್ತದೆ.

ಇಮೇಲಿನಲ್ಲಿ ಇಂಥ ಸುಳ್ಳು ಇಷ್ಟು ಸುಲಭವಾಗಿರುವುದಕ್ಕೆ ಹಳೆಯ ಕಾರಣವಿದೆ. ಪತ್ರ ಸಾಗಿಸುವ ನಿಯಮಾವಳಿ ಎಸ್‌ಎಂಟಿಪಿಯನ್ನು ಜೊನಾಥನ್ ಪೋಸ್ಟೆಲ್ ಬರೆದದ್ದು 1982ರ ಆಗಸ್ಟ್‌ನಲ್ಲಿ. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳ, ಸಂಶೋಧನಾ ಸಂಸ್ಥೆಗಳ ಕೆಲವೇ ಜನ. ಬಾಗಿಲಿಗೆ ಬಂದವನು ತಾನು ಇಂಥವನು ಎಂದರೆ ನಂಬುವುದೇ ರೂಢಿ. ಲಕೋಟೆಯ ಮೇಲೆ ಒಂದು ಕಳುಹಿಸಿದವರ ವಿಳಾಸ, ಒಳಗಿನ ಕಾಗದದಲ್ಲಿ ಇನ್ನೊಂದು. ಓದುವವರಿಗೆ ಕಾಣುವುದು ಒಳಗಿನದು, ವಾಪಸಾತಿ ಹೋಗುವುದು ಲಕೋಟೆಯ ಮೇಲಿನದಕ್ಕೆ. ಎರಡನ್ನೂ ಕಳ್ಳ ತನಗೆ ಬೇಕಾದಂತೆ ತುಂಬಬಹುದು. ಹಾಗೆಂದು ಆ ಕಾಲದವರು ದಡ್ಡರಲ್ಲ. ತಲುಪದ ಪತ್ರದ ಸೂಚನೆಯೇ ತಲುಪದಿದ್ದರೆ ಅದಕ್ಕೊಂದು ಸೂಚನೆ, ಅದಕ್ಕೆ ಮತ್ತೊಂದು ಎಂದು ಎರಡು ಯಂತ್ರಗಳು ಜನ್ಮವಿಡೀ ಜಗಳವಾಡಬಾರದೆಂದು, ಇಂಥ ಸೂಚನೆಯ ಲಕೋಟೆಯ ಮೇಲೆ ಕಳುಹಿಸಿದವರ ಜಾಗವನ್ನು ಖಾಲಿ ಬಿಡಬೇಕೆಂಬ ನಿಯಮ ಇದೆ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಕಳ್ಳನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಅವನ ಕಸುಬೇ ಅದು. ನನ್ನ ಸಿಟ್ಟು ಆ ಪತ್ರಗಳನ್ನು ಒಳಗೆ ತೆಗೆದುಕೊಂಡು, ಆಮೇಲೆ ನನ್ನ ತಲೆಯ ಮೇಲೆ ಎಸೆದ ಮರ್ಯಾದಸ್ಥ ಕಂಪನಿಗಳ ಸರ್ವರುಗಳ ಮೇಲೆ.

ಮಾಲೀಕರಿಗೆ ಹೀಗೆ ಹೇಳಿದೆ. ನಮ್ಮ ಗೇಟಿಗೆ ಒಂದು ಟೆಂಪೋ ಬರುತ್ತದೆ, ಹಿಂದೆ ಒಂದು ಟನ್ ಕಾಸ್ಟಿಂಗ್. ಚಲನ್ ನೋಡಿದರೆ ನಾವು ಆರ್ಡರ್ ಕೊಟ್ಟೇ ಇಲ್ಲ. ನಮ್ಮ ವಾಚ್‌ಮನ್ ಏನು ಮಾಡುತ್ತಾನೆ? ಗೇಟಿನಲ್ಲೇ ತಿರುಗಿಸು ಎನ್ನುತ್ತಾನೆ, ಮಾಲಿನ ಭಾರ ತಂದವನ ತಲೆಗೇ. ಅದರ ಬದಲು ಟೆಂಪೋ ಒಳಗೆ ಬಿಟ್ಟು, ಮಾಲು ಇಳಿಸಿಕೊಂಡು, ಸಹಿ ಹಾಕಿ, ಡ್ರೈವರನನ್ನು ಕಳುಹಿಸಿ, ಸಂಜೆ ಬಿಡುವಾದಾಗ ಲೆಕ್ಕ ತೆಗೆದು, ನಮ್ಮದಲ್ಲ ಎಂದು ಗೊತ್ತಾದ ಮೇಲೆ ಚಲನ್ ಮೇಲೆ ಯಾರ ಹೆಸರಿದೆಯೋ ಅವರ ಅಂಗಳಕ್ಕೆ ಸುರಿದು ಬಂದರೆ? ಆ ಹೆಸರು ಸುಳ್ಳಾಗಿದ್ದರೆ? ಮಾಲೀಕರು ನಕ್ಕು, "ಅಂಥ ವಾಚ್‌ಮನ್‌ನನ್ನು ಸಂಜೆಯೊಳಗೆ ತೆಗೆಯುತ್ತೇನೆ" ಎಂದರು.

ಸರ್ವರುಗಳ ಕಥೆ ಇದೇ. ಎರಡು ಸರ್ವರುಗಳು ಮಾತನಾಡುತ್ತಿರುವಾಗಲೇ, ಪತ್ರದ ಒಡಲು ಕೈ ಬದಲಾಗುವ ಮೊದಲೇ, 'ಈ ಹೆಸರಿನವರು ಇಲ್ಲಿಲ್ಲ, 550' ಎಂದು ಹೇಳಿ ಮುಗಿಸಬಹುದು. ಆ ಕಡೆ ಇರುವುದು ಕಳ್ಳನ ಪ್ರೋಗ್ರಾಮಾದರೆ ಅದು ಮುಂದಿನ ವಿಳಾಸಕ್ಕೆ ಹೋಗುತ್ತದೆ, ಯಾರಿಗೂ ಏನೂ ಬರುವುದಿಲ್ಲ. ಪ್ರಾಮಾಣಿಕ ಸರ್ವರಾದರೆ ತನ್ನ ಬಳಕೆದಾರನಿಗೆ ತಾನೇ ತಿಳಿಸುತ್ತದೆ. ಹೀಗೆ ಮಾಡದಿರಲು ಸಾಮಾನ್ಯ ಕಾರಣ ಸೋಮಾರಿತನ: ಬಾಗಿಲಲ್ಲಿ ನಿಂತ ಸರ್ವರಿಗೆ ಒಳಗೆ ಯಾರು ಯಾರು ಇದ್ದಾರೆ ಎಂಬ ಪಟ್ಟಿಯನ್ನೇ ಕೊಟ್ಟಿರುವುದಿಲ್ಲ. ಎಲ್ಲವನ್ನೂ ಬಾಚಿ ಒಳಗೆ ತಳ್ಳುತ್ತದೆ, ಒಳಗಿನದು ವಾಪಸ್ ಎಸೆಯುತ್ತದೆ. ಇನ್ನು ಕೆಲವು ವೈರಸ್ ಹಿಡಿಯುವ ಮಹಾನುಭಾವರು, 'ನಿಮ್ಮ ಪತ್ರದಲ್ಲಿ ವೈರಸ್ ಇತ್ತು, ತೆಗೆದಿದ್ದೇವೆ' ಎಂದು ನನಗೆ ಉಪದೇಶ ಮಾಡಿದ್ದಾರೆ. ವೈರಸ್ ಗುರುತಿಸುವ ಬುದ್ಧಿ ಇರುವವರಿಗೆ ವಿಳಾಸ ಖೋಟಾ ಇರಬಹುದೆಂದು ಹೊಳೆಯುವುದಿಲ್ಲವೇ?

ನಮ್ಮದೂ ತಪ್ಪಿತ್ತು. ಕಳ್ಳ ಹೆಚ್ಚಾಗಿ ಬಳಸಿದ್ದು ನಮ್ಮ ನಿಜವಾದ ವಿಳಾಸಗಳನ್ನಲ್ಲ. ನಮ್ಮ ಡೊಮೇನಿನ (ವಿಳಾಸದಲ್ಲಿ @ ಆದ ಮೇಲೆ ಬರುವ ಕಂಪನಿಯ ಹೆಸರು) ಮುಂದೆ ಬಾಯಿಗೆ ಬಂದ ಮನುಷ್ಯನ ಹೆಸರು, ಆ ಹೆಸರಿನ ಕೊನೆಗೆ ಎರಡು ಅಂಕಿ. ಹದಿನೆಂಟು ಜನರ ಶಾಪಿನಲ್ಲಿ ಆ ವಾರ ನೂರಾರು ಇಂಗ್ಲಿಷ್ ಹೆಸರಿನ ನೌಕರರು ಹುಟ್ಟಿಕೊಂಡಿದ್ದರು. ಇಲ್ಲದ ಈ ನೌಕರರ ಟಪಾಲು ನನಗೇಕೆ ಬಂತು? ನಮ್ಮ ಡೊಮೇನಿಗೆ ಯಾವ ಹೆಸರಿನಲ್ಲಿ ಬಂದರೂ ಒಂದೇ ಪೆಟ್ಟಿಗೆಗೆ ಬೀಳುವಂತೆ 'ಕ್ಯಾಚ್-ಆಲ್' ಹಾಕಿಸಿದ್ದು ನಾನೇ. ಅದಕ್ಕೂ ಕಾರಣವಿತ್ತು. ಉದ್ಯಮಬಾಗದ ಪ್ರತಿ ಶೆಡ್ಡಿನಲ್ಲಿ ಒಬ್ಬ ಬಸವರಾಜ ಇರುತ್ತಾನೆ, ಇಂಗ್ಲಿಷಿನಲ್ಲಿ ಅವನನ್ನು ಬರೆಯುವವರು ನಡುವೆ ಒಮ್ಮೆ 'ಎ' ಬಿಡುತ್ತಾರೆ, ಒಮ್ಮೆ 'ವಿ' ಬದಲು 'ಡಬ್ಲ್ಯೂ' ಹಾಕುತ್ತಾರೆ, ಕೊನೆಗೆ ಇನ್ನೊಂದು 'ಎ' ಸೇರಿಸುತ್ತಾರೆ. ಒಮ್ಮೆ ಕೊಯಮತ್ತೂರಿನ ದೊಡ್ಡ ಆರ್ಡರ್ ಹೀಗೆ ತಪ್ಪಿ ಹೋಗಿತ್ತು. ಈಗ ಕ್ಯಾಚ್-ಆಲ್ ತೆಗೆದು, ಬಸವರಾಜನಿಗೆ ನಾಲ್ಕು ಕಾಗುಣಿತದ ನಾಲ್ಕು ವಿಳಾಸ ಮಾಡಿಸಿದ್ದೇನೆ. ಆ ಒಂದೇ ಬದಲಾವಣೆಗೆ ಹತ್ತರಲ್ಲಿ ಒಂಬತ್ತು ಪಾಲು ಕಸ ನಿಂತಿತು.

ಉಳಿದದ್ದು ಡಿಎನ್‌ಎಸ್, ಅಂದರೆ ಡೊಮೇನುಗಳ ಬಹಿರಂಗ ವಿಳಾಸಪುಸ್ತಕದಲ್ಲಿ ಮಾಡುವ ಕೆಲಸ. ಎಸ್‌ಪಿಎಫ್ ಎಂದರೆ ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಸರ್ವರುಗಳಿಗೆ ಹಕ್ಕಿದೆ ಎಂಬ ಬಹಿರಂಗ ಪಟ್ಟಿ. ಡಿಕಿಮ್ ಎಂದರೆ ಪ್ರತಿ ಪತ್ರಕ್ಕೆ ಸರ್ವರ್ ಹಾಕುವ ಸಹಿ. ಓದುವವರಿಗೆ ಕಾಣುವ ಹೆಸರು ಇವೆರಡರಲ್ಲಿ ಒಂದಕ್ಕೂ ಹೊಂದದಿದ್ದರೆ ಏನು ಮಾಡಬೇಕೆಂದು ಲೋಕಕ್ಕೆ ಹೇಳುವುದು 2015ರ ಡಿಮಾರ್ಕ್: ಸುಮ್ಮನಿರಿ, ಸ್ಪ್ಯಾಮಿನ ಕಸದ ಪೆಟ್ಟಿಗೆಗೆ ಹಾಕಿ ಅಥವಾ ತಿರಸ್ಕರಿಸಿ. ನಮ್ಮ ವೆಬ್‌ಸೈಟ್ ಮಾಡಿಕೊಟ್ಟವರು ದುಡ್ಡು ಎಣಿಸಿಕೊಂಡು ಹೋಗಿದ್ದರು, ಮೂರರಲ್ಲಿ ಒಂದನ್ನೂ ಹಾಕಿರಲಿಲ್ಲ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ರಾಶಿಗಟ್ಟಲೆ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ನಮ್ಮಂಥ ಸಣ್ಣವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇಲ್ಲದೆ ಜಿಮೇಲಿನಲ್ಲಿ ನಡೆಯುವುದಿಲ್ಲ.

ಒಂದು ಎಚ್ಚರಿಕೆ. ಆವೇಶದಲ್ಲಿ ಮೊದಲ ದಿನವೇ ಡಿಮಾರ್ಕ್‌ನಲ್ಲಿ 'ತಿರಸ್ಕರಿಸಿ' ಎಂದು ಬರೆಯಬೇಡಿ. ನಾನು 'ಸುಮ್ಮನಿರಿ' ಎಂದು ಇಟ್ಟು, ನಮ್ಮ ಹೆಸರಿನ ಪತ್ರಗಳ ಬಗ್ಗೆ ಬೇರೆ ಸರ್ವರುಗಳು ಕಳುಹಿಸುವ ವರದಿಗಳನ್ನು ಎರಡು ವಾರ ನೋಡಿದೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನದೇ ಸರ್ವರಿನಿಂದ ನಮ್ಮ ಹೆಸರಿನಲ್ಲಿ ಇನ್‌ವಾಯ್ಸ್ ಕಳುಹಿಸುತ್ತದೆ ಎಂಬುದು ಆಗಲೇ ಗೊತ್ತಾಗಿದ್ದು. ಪಟ್ಟಿಗೆ ಅದನ್ನು ಸೇರಿಸದೆ ಬಾಗಿಲು ಹಾಕಿದ್ದರೆ ತಿಂಗಳ ಕೊನೆಗೆ ಯಾರಿಂದಲೂ ದುಡ್ಡು ಬರುತ್ತಿರಲಿಲ್ಲ, ಕಾಕಾ ಇನ್ನೊಂದು ನಿಂಬೆಹಣ್ಣು ತರುತ್ತಿದ್ದರು. ಇನ್ನೊಂದು ಮಾತು: ಇಂಥ ವಾಪಸಾತಿ ಪತ್ರಗಳ ವೇಷದಲ್ಲೇ ಮೋಸದ ಪತ್ರಗಳೂ ಬರುತ್ತವೆ, ಅವುಗಳ ಲಗತ್ತು ತೆರೆಯಬೇಡಿ, ಮತ್ತೆ ಕಳುಹಿಸಲು ಇಲ್ಲಿ ಒತ್ತಿ ಎಂದರೆ ಒತ್ತಬೇಡಿ.

ಇಷ್ಟೆಲ್ಲ ಮುಗಿಸಿ, ಬೇರೆಯವರ ಸರ್ವರುಗಳಿಗೆ ಬೈಯುತ್ತ ಲಾಗ್ ನೋಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮ ವಿಚಾರಣೆಯ ವಿಳಾಸಕ್ಕೆ ಯಾರು ಬರೆದರೂ ತಾನಾಗಿಯೇ ಒಂದು ಉತ್ತರ ಹೋಗುತ್ತದೆ: ನಿಮ್ಮ ಪತ್ರ ತಲುಪಿದೆ, ಧನ್ಯವಾದಗಳು, 24 ಗಂಟೆಯೊಳಗೆ ಸಂಪರ್ಕಿಸುತ್ತೇವೆ. ಕೆಳಗೆ ಮಾಲೀಕರು ಸಾಲ ಮಾಡಿ ತಂದ ಹೊಸ ಸಿಎನ್‌ಸಿ ಮಷೀನಿನ ಫೋಟೋ, ಅದಕ್ಕೆ ಹೂವಿನ ಹಾರ. ಆ ವಿಳಾಸಕ್ಕೆ ದಿನವೂ ಬರುವ ಸ್ಪ್ಯಾಮಿನಲ್ಲಿ ಕಳುಹಿಸಿದವರ ಹೆಸರು ಯಾರ್ಯಾರದೋ. ಎರಡು ವರ್ಷಗಳಿಂದ ಆ ಎಲ್ಲ ಅಮಾಯಕರಿಗೆ ನಾವು ಹಾರ ಹಾಕಿದ ಮಷೀನಿನ ಫೋಟೋ ಕಳುಹಿಸುತ್ತಲೇ ಇದ್ದೆವು.

ಮಾಲೀಕರಿಗೆ ಹೇಳಿದರೆ, "ಹೋಗಲಿ ಬಿಡು, ಪುಕ್ಕಟೆ ಪ್ರಚಾರವಾಯಿತು" ಎಂದರು. ನಾನು ಅದನ್ನು ಬಂದ್ ಮಾಡಿದೆ. ಹಳೆಯ ಪತ್ರಗಳನ್ನು ಕೆದಕಿದಾಗ ಅದಕ್ಕೆ ಬಂದ ಉತ್ತರವೊಂದು ಸಿಕ್ಕಿತು, ಓದದೆ ಹಾಗೆಯೇ ಬಿದ್ದಿತ್ತು, ಪೋರ್ಚುಗೀಸ್ ಭಾಷೆಯಲ್ಲಿ. ಅನುವಾದ ಮಾಡಿಸಿ ನೋಡಿದೆ: 'ನಾನು ನಿಮಗೆ ಏನೂ ಬರೆದಿಲ್ಲ. ನೀವು ಯಾರು? ದಯವಿಟ್ಟು ಈ ಯಂತ್ರದ ಚಿತ್ರ ಕಳುಹಿಸುವುದನ್ನು ನಿಲ್ಲಿಸಿ.' ಹದಿನಾಲ್ಕು ತಿಂಗಳ ಹಿಂದಿನ ದಿನಾಂಕ. ಕ್ಷಮೆ ಕೇಳಿ ಎರಡು ಸಾಲು ನಾನೇ ಬರೆದು ಕಳುಹಿಸಿದೆ, ಫೋಟೋ ಇಲ್ಲದೆ.