ಜಗಳವಾಡದವರಿಗೆ ಒಂದೇ ಸ್ಟಾರು

ಹಾಸನದಲ್ಲಿ ಆ ಚಿತ್ರ ಶುಕ್ರವಾರ ಬಂದು ಸೋಮವಾರ ಹೋಯಿತು. ಯಾವ ಚಿತ್ರವೆಂದು ನಾನು ಹೇಳಬೇಕಾಗಿಲ್ಲ. ಸಾಲಗಾಮೆ ರಸ್ತೆಯ ಚಹಾದಂಗಡಿಯಿಂದ ಹಿಡಿದು ಮಹಾರಾಜ ಪಾರ್ಕಿನ ಬೆಳಗಿನ ವಾಕಿಂಗಿನವರೆಗೆ ಎಲ್ಲರೂ ಅದರ ಬಗ್ಗೆಯೇ ಮಾತನಾಡುತ್ತಿದ್ದಾರೆ, ನೋಡುವ ಕೆಲಸವೊಂದನ್ನು ಮಾತ್ರ ಬಾಕಿ ಉಳಿಸಿಕೊಂಡು. ಏಳು ವರ್ಷ ಪ್ರೀತಿಸಿದ ಹುಡುಗ ಹುಡುಗಿ ಬೇರೆಯಾಗುತ್ತಾರೆ, ಬೇರೆಯಾದ ಮೇಲೂ ಸ್ನೇಹಿತರಾಗಿ ಉಳಿಯಲು ಒದ್ದಾಡುತ್ತಾರೆ, ಆ ಒದ್ದಾಟವೇ ಹಾಸ್ಯ. ಸಣ್ಣ ಬಜೆಟ್ಟು, ಗುರುತಿಲ್ಲದ ಮುಖಗಳು, ಹೊಡೆದಾಟವಿಲ್ಲ, ಐಟಂ ಹಾಡಿಲ್ಲ. ಶನಿವಾರ ಬೆಳಗಿನ ಆಟಕ್ಕೆ ನಾನು ಹೋದಾಗ ಕೌಂಟರಿನಲ್ಲಿದ್ದವರು, 'ಹತ್ತು ಟಿಕೆಟ್ ಆದ್ರೆ ಶೋ ಹಾಕ್ತೀವಿ ಸಾರ್, ಇಲ್ಲಾಂದ್ರೆ ದುಡ್ಡು ವಾಪಸ್' ಎಂದರು. ನಾವು ಎಂಟು ಮಂದಿ ಕೋರಂ ಆಗದ ಗ್ರಾಮಸಭೆಯವರಂತೆ ಮೆಟ್ಟಿಲಿನ ಮೇಲೆ ಕಾಯುತ್ತ ನಿಂತೆವು. ಕೊನೆಗೆ ಬಸ್ಸು ತಪ್ಪಿಸಿಕೊಂಡ ಅರಕಲಗೂಡಿನ ಕಡೆಯ ಮೂವರು ಬಿಸಿಲಿಗೆ ಹೆದರಿ ಒಳಗೆ ಬಂದದ್ದರಿಂದ ಸಂಖ್ಯೆ ಹನ್ನೊಂದಾಗಿ, ಕನ್ನಡದ ಒಂದು ಚಿತ್ರ ಜಿಲ್ಲಾ ಕೇಂದ್ರದಲ್ಲಿ ತೆರೆ ಕಂಡಿತು.

ನೋಡಿದವರು ಹನ್ನೊಂದು, ತೀರ್ಪು ಕೊಟ್ಟವರು ನನ್ನ ಪರಿಚಯದ ವಲಯದಲ್ಲೇ ಅದರ ನಾಲ್ಕು ಪಟ್ಟು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಭಾನುವಾರ ಬೆಳಿಗ್ಗೆ ಹಾಲಿನ ಬೂತಿನ ಬಳಿ ಸಿಕ್ಕಿದರು.

'ಮೇಷ್ಟ್ರೇ, ಆ ಸಿನಿಮಾ ನೋಡಿದ್ರಾ?'

'ಇಲ್ಲ ಕಣಪ್ಪ, ಒಂದು ಸ್ಟಾರ್ ಕೊಟ್ಟೆ.'

'ನೋಡದೆ ಹೇಗೆ ಕೊಟ್ರಿ?'

'ನೋಡಿದ್ದಿದ್ರೆ ಅದನ್ನೂ ಕೊಡ್ತಿರ್ಲಿಲ್ಲ.'

ಮೂವತ್ತು ವರ್ಷ ಉತ್ತರ ಪತ್ರಿಕೆಗಳನ್ನು ತಿದ್ದಿದವರ ಈ ಮಾತನ್ನು ಕೇಳಿದ ಮೇಲೆ, ನನ್ನ ಎಸ್ಸೆಸ್ಸೆಲ್ಸಿ ಅಂಕಗಳ ಬಗ್ಗೆ ಬಹುಕಾಲದಿಂದ ಇದ್ದ ಸಂದೇಹವೊಂದು ಪರಿಹಾರವಾಯಿತು.

ಪ್ರೇಕ್ಷಕರ ಅಭಿಪ್ರಾಯಗಳನ್ನು ಆ ದಿನ ರಾತ್ರಿ ಕುಳಿತು ಓದಿದೆ. ಮೊದಲ ದೂರು, ಹಾಸ್ಯ ಚಿತ್ರವೆಂದು ಹೇಳಿ ನಗಿಸಲಿಲ್ಲ ಎಂಬುದು. ಒಬ್ಬ ಮಹನೀಯರು ಚಿತ್ರಮಂದಿರದಲ್ಲಿ ಕುಳಿತು ಎಣಿಸಿದ್ದಾರೆ: ಎರಡು ಗಂಟೆಯಲ್ಲಿ ಆರೇ ಆರು ಸಲ ನಗು ಬಂತಂತೆ, 150 ರೂಪಾಯಿಯ ಟಿಕೆಟ್ಟಿಗೆ ಒಂದು ನಗು 25 ರೂಪಾಯಿಗೆ ಬಿತ್ತಂತೆ, ಇದು ದುಬಾರಿಯಂತೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹೇರಿದಾಗ, ಅದಕ್ಕೆ ಹೈಕೋರ್ಟು ತಡೆ ಕೊಟ್ಟಾಗ, ನಗುವಿನ ಚಿಲ್ಲರೆ ದರವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಲೂಗಡ್ಡೆಗೆ ಬೆಂಬಲ ಬೆಲೆ ಕೇಳಿ ಕೇಳಿ ಗಂಟಲು ಒಣಗಿಸಿಕೊಂಡ ಜಿಲ್ಲೆಯಿಂದಲೇ ನಗುವಿನ ಬೆಲೆ ನಿಗದಿಯ ಚಳವಳಿ ಹುಟ್ಟುವುದಾದರೆ ಅದು ನ್ಯಾಯವೇ. ಸದಾ ನಗುವವಳು ಎಂಬ ಅರ್ಥದಲ್ಲಿ ಹಾಸನಾಂಬೆ ಎನಿಸಿಕೊಂಡ ದೇವಿಯಿಂದ ಹೆಸರು ಪಡೆದ ಊರು ಇದು. ಆ ತಾಯಿ ನಮ್ಮನ್ನು ನೋಡಿ ಯಾಕೆ ನಗುತ್ತಿದ್ದಾಳೆಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ಎರಡನೆಯ ದೂರು ಲಾಜಿಕ್ಕಿನದು, ಮತ್ತು ಅದು ಬಹುತೇಕ ಕುಕ್ಕರಿನ ಮೇಲೆ ನಿಂತಿದೆ. ನೋಡದವರಿಗೂ ಈಗ ಆ ದೃಶ್ಯ ಬಾಯಿಪಾಠವಾಗಿರುವುದರಿಂದ ಹೇಳಿದರೆ ಅಡ್ಡಿಯಿಲ್ಲ. ಬಾಡಿಗೆ ಮನೆ ಖಾಲಿ ಮಾಡುವಾಗ ಇಬ್ಬರೂ ಬಹಳ ಸಭ್ಯವಾಗಿ ಸಾಮಾನು ಹಂಚಿಕೊಳ್ಳುತ್ತಾರೆ, 'ನೀನೇ ಇಟ್ಕೋ, ಇಲ್ಲ ನೀನೇ ಇಟ್ಕೋ' ಎಂಬ ಸಭ್ಯತೆಯ ಗಡಿಬಿಡಿಯಲ್ಲಿ ಕುಕ್ಕರು ಅವಳ ಪಾಲಿಗೂ ಅದರ ವೇಟು ಅವನ ಪೆಟ್ಟಿಗೆಗೂ ಹೋಗುತ್ತದೆ. ಅವಳು ಆರು ತಿಂಗಳು ಬೇಳೆಯನ್ನು ಬಾಣಲೆಯಲ್ಲಿ ಬೇಯಿಸುತ್ತಾಳೆ. ಅವನು ವೇಟನ್ನು ವಿದ್ಯುತ್ ಬಿಲ್ಲುಗಳ ಮೇಲೆ ಇಟ್ಟುಕೊಂಡು ಹೋಟೆಲಿನಲ್ಲಿ ಊಟ ಮಾಡುತ್ತಾನೆ. ಫೋನ್ ಮಾಡಿ ಕೇಳಲು ಇಬ್ಬರಿಗೂ ಮುಜುಗರ. ಹನ್ನೊಂದು ಮಂದಿಯಲ್ಲಿ ಏಳು ಮಂದಿಯಾದರೂ ಇಲ್ಲಿ ನಕ್ಕದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆದರೆ ವಿಮರ್ಶಕ ಸಮುದಾಯ ಒಕ್ಕೊರಲಿನಿಂದ ಕೇಳಿದೆ: ಅಂಗಡಿಗೆ ಹೋಗಿ ಹೊಸ ವೇಟು ತಂದರೆ ಮುಗಿಯಿತಲ್ಲ, ಇದಕ್ಕೊಂದು ಸಿನಿಮಾ ಬೇಕೇ? ಬರಿಗೈಯಲ್ಲಿ ಜೀಪನ್ನು ತಡೆದು, ಅದನ್ನೇ ಎತ್ತಿ ಹೆಲಿಕಾಪ್ಟರಿಗೆ ಎಸೆಯುವ ನಾಯಕರನ್ನು ಶಿಳ್ಳೆ ಹೊಡೆದು ಬರಮಾಡಿಕೊಂಡ ಇವರೇ, ಒಂದು ಕುಕ್ಕರಿನ ಮುಂದೆ ನ್ಯೂಟನ್ನನ ವಂಶಸ್ಥರಾಗಿ ನಿಂತಿದ್ದಾರೆ.

ಆದರೆ ನಿಜವಾದ ಸಿಟ್ಟು ಕುಕ್ಕರಿನ ಮೇಲಲ್ಲ. ಬೇರೆಯಾದವರು ಜಗಳವಾಡಲಿಲ್ಲವೆಂಬುದೇ ಸಿಟ್ಟು. 'ತಪ್ಪು ಯಾರದು ಅಂತ ಡೈರೆಕ್ಟರು ಹೇಳೇ ಇಲ್ಲ' ಎಂದು ಬೇರೆ ಬೇರೆ ಕಾಗುಣಿತಗಳಲ್ಲಿ ಹತ್ತಾರು ಜನ ಬರೆದಿದ್ದಾರೆ. ನಮ್ಮ ಕಡೆ ಸಂಬಂಧ ಮುರಿಯುವುದಕ್ಕೆ ಒಂದು ಶಾಸ್ತ್ರವಿದೆ. ಎರಡೂ ಕಡೆಯ ಹಿರಿಯರು ಜಗುಲಿಯ ಮೇಲೆ ಕೂರಬೇಕು. ಕೊಟ್ಟದ್ದು ತಂದದ್ದರ ಪಟ್ಟಿ ಹೊರಬರಬೇಕು. ಮುಯ್ಯಿ ಪುಸ್ತಕ ತೆರೆದು ಯಾವುದೋ ಕಾಲದ ಐವತ್ತೊಂದು ರೂಪಾಯಿಯ ಮೇಲೆ ಬೆರಳಿಡಬೇಕು. ಸೋದರಮಾವನೊಬ್ಬ ಟವೆಲ್ ಕೊಡವಿ ಎದ್ದು ನಿಲ್ಲಬೇಕು. ಆಮೇಲೆ ಎರಡು ಮನೆಗಳೂ ಮೂರು ತಲೆಮಾರು ಒಂದೇ ಛತ್ರದಲ್ಲಿ ಊಟಕ್ಕೆ ಕೂರಬಾರದು. ಕೂರಲೇಬೇಕಾಗಿ ಬಂದರೆ ಬೇರೆ ಬೇರೆ ಪಂಕ್ತಿ. ಇಷ್ಟೆಲ್ಲ ಶಿಸ್ತಿನಿಂದ ಕಟ್ಟಿಕೊಂಡ ವೈರದ ವ್ಯವಸ್ಥೆಯನ್ನು ಇಬ್ಬರು ಎಳೆಯರು ಫಿಲ್ಟರ್ ಕಾಫಿ ಕುಡಿಯುತ್ತ ಕಡೆಗಣಿಸಿದರೆ ಯಾರು ತಾನೇ ಸಹಿಸುತ್ತಾರೆ?

ಮದುವೆಯಾಗಿದ್ದರಾದರೂ ಒಂದು ದಾರಿಯಿತ್ತು. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಎಂಬ ಕಲಮು ಸೇರಿತು. ಒಂದು ವರ್ಷ ಬೇರೆಯಾಗಿ ಬಾಳಿದ ಗಂಡ ಹೆಂಡತಿ ಇಬ್ಬರೂ ಒಪ್ಪಿ, ಜೊತೆಯಾಗಿಯೇ ಅರ್ಜಿ ಹಾಕಿ ದೂರವಾಗಬಹುದು. ಅರ್ಜಿಯ ನಂತರ ಆರು ತಿಂಗಳು ಕಾಯಬೇಕೆಂಬ ನಿಯಮವನ್ನೂ ಸೂಕ್ತ ಪ್ರಕರಣಗಳಲ್ಲಿ ಸಡಿಲಿಸಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ತಪ್ಪು ಯಾರದೆಂದು ಕೇಳದೆಯೂ ಇಬ್ಬರನ್ನು ಮರ್ಯಾದೆಯಿಂದ ಕಳುಹಿಸಿಕೊಡಬಹುದೆಂಬುದು ನಮ್ಮ ದೇಶದ ಕಾನೂನಿಗೆ ತಿಳಿದು ಸುಮಾರು ಅರ್ಧ ಶತಮಾನವಾಗಿದೆ. ಕಾನೂನಿನಷ್ಟು ನಿಧಾನವಾದುದು ಬೇರೊಂದಿಲ್ಲವೆಂದು ದೂರುವ ಪ್ರೇಕ್ಷಕರು ಇನ್ನೂ ದಾರಿಯಲ್ಲಿದ್ದಾರೆ. ಪ್ರೇಮಕ್ಕಾದರೋ ಯಾವ ಕಲಮೂ ಇಲ್ಲ, ಯಾವ ಕೌಟುಂಬಿಕ ನ್ಯಾಯಾಲಯವೂ ಇಲ್ಲ. ಆ ಕೊರತೆಯನ್ನು ನೀಗಿಸಲು ಇವರು ಸಂಬಳವಿಲ್ಲದೆ ನ್ಯಾಯಪೀಠ ಏರಿದ್ದಾರೆ. ತೀರ್ಪಿನಲ್ಲಿ ಹುಡುಗಿ 'ಸರಿಯಿಲ್ಲ'. ಯಾಕೆ ಸರಿಯಿಲ್ಲವೆಂದರೆ, ಬಿಟ್ಟು ಹೋದ ಮೇಲೂ ಅವನ ತಾಯಿಗೆ ಹುಷಾರಿಲ್ಲವೆಂದು ತಿಳಿದು ಆಸ್ಪತ್ರೆಗೆ ಬಂದಳು. ಹುಡುಗ 'ಗಂಡಸೇ ಅಲ್ಲ'. ಗಡ್ಡ ಬಿಡಲಿಲ್ಲ, ಬಾರಿನಲ್ಲಿ ಬಾಟಲಿ ಒಡೆಯಲಿಲ್ಲ, ಹೆಣ್ಣುಕುಲವನ್ನೇ ಶಪಿಸುವ ಹಾಡೊಂದನ್ನು ಹಾಡಲಿಲ್ಲ. ಅವಳ ಹೊಸ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತಂದು ಕೊಟ್ಟ. ಸಿಲಿಂಡರ್ ಹೊರುವುದು ಪೌರುಷವಲ್ಲವೆಂದು ಹೇಳುವವರನ್ನು ಮೂರನೇ ಮಹಡಿಯವರೆಗೆ ಒಮ್ಮೆ ಹೊರಿಸಿ ನೋಡಬೇಕೆಂದು ನನಗೆ ಆಸೆಯಿದೆ.

ಇನ್ನು 'ಲ್ಯಾಗ್'. ಈ ಪದ ಈಗ ಕನ್ನಡದ್ದೇ ಆಗಿಹೋಗಿದೆ, ಅಜ್ಜಿಯಂದಿರೂ ಬಳಸುತ್ತಾರೆ. ಚಿತ್ರದ ನಡುವಿನಲ್ಲಿ ಇಬ್ಬರೂ ನೆಲದ ಮೇಲೆ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತ ಮಾತನಾಡುವ ದೀರ್ಘ ದೃಶ್ಯವೊಂದಿದೆ. ಕಾಳು ಸಿಪ್ಪೆಯಿಂದ ಜಾರಿ ಪಾತ್ರೆಗೆ ಬೀಳುತ್ತದೆ, ಒಂದೆರಡು ಅವನ ಕನ್ನಡಕಕ್ಕೆ ಹಾರುತ್ತವೆ, ಏಳು ವರ್ಷ ಆಡದ ಮಾತೊಂದು ಹೊರಬರುತ್ತದೆ. ಇದು ಲ್ಯಾಗಂತೆ. ಅವರೆ ಸೊಗಡಿನ ಕಾಲದಲ್ಲಿ ಮನೆಮಂದಿಯೆಲ್ಲ ಬೋಗುಣಿಯ ಸುತ್ತ ಕುಳಿತು ಇಡೀ ಮಧ್ಯಾಹ್ನ ಕಾಳು ಹಿತುಕಿ, ಸೊಸೆಯಂದಿರ ತವರಿನಿಂದ ಹಿಡಿದು ಪಕ್ಕದ ಮನೆಯವರ ಸಾಲದವರೆಗೆ ಸಮಸ್ತವನ್ನೂ ಚರ್ಚಿಸುವ ನಾವು, ಅದನ್ನೇ ತೆರೆಯ ಮೇಲೆ ತೋರಿಸಿದರೆ ಮೊಬೈಲು ತೆಗೆಯುತ್ತೇವೆ. ಹಾಗೆ ನೋಡಿದರೆ ನಮ್ಮ ಊರಿನ ಪ್ರಸಿದ್ಧ ಕಥೆಯೇ ನಿಧಾನದ್ದು. ಅತ್ತೆಯ ಕಾಟ ತಾಳದೆ ದೇವಿಯ ಎದುರು ಕಲ್ಲಾದ ಸೊಸೆ ವರ್ಷಕ್ಕೊಂದು ಭತ್ತದ ಕಾಳಿನಷ್ಟು ಮಾತ್ರ ಮುಂದೆ ಸರಿಯುತ್ತಾಳೆ, ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಎನ್ನುತ್ತಾರೆ. ದೀಪಾವಳಿಯ ಸುಮಾರಿಗೆ ವರ್ಷಕ್ಕೊಮ್ಮೆ ಬಾಗಿಲು ತೆರೆದಾಗ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಕೆಲವೇ ಕ್ಷಣ ನೋಡಿ ಬಂದವರು ಯಾರೂ 'ಸೆಕೆಂಡ್ ಹಾಫ್ ಸ್ವಲ್ಪ ಎಳೆದಿದ್ದಾರೆ' ಎಂದದ್ದನ್ನು ನಾನು ಕೇಳಿಲ್ಲ. ಭಕ್ತಿ ಬೇರೆ, ಸಿನಿಮಾ ಬೇರೆ, ಒಪ್ಪಿದೆ. ತಾಳ್ಮೆ ನಮ್ಮಲ್ಲಿದೆ ಎಂಬುದಷ್ಟೇ ನನ್ನ ಸಾಕ್ಷ್ಯ.

ಕುಟುಂಬ ಸಮೇತ ನೋಡುವಂತಿಲ್ಲ ಎಂದವರೂ ಇದ್ದಾರೆ. ಪಾಯಸಕ್ಕೆ ವಿಷ ಬೆರೆಸುವ ಧಾರಾವಾಹಿಯನ್ನು ಮೂರು ತಲೆಮಾರುಗಳು ಒಟ್ಟಿಗೆ ಕುಳಿತು, ನಡುವೆ ಪಾಯಸವನ್ನೇ ತಿನ್ನುತ್ತ ನೋಡುವ ಮನೆಗಳಿಗೆ, ಇಬ್ಬರು ಬೈದಾಡದೆ ಮಾತನಾಡುವುದು ಅಶ್ಲೀಲವಾಗಿ ಕಂಡಿದೆ. 2024ರಿಂದ ಸೆನ್ಸಾರ್ ಮಂಡಳಿ ಯು/ಎ ಪ್ರಮಾಣಪತ್ರವನ್ನು 7+, 13+, 16+ ಎಂದು ವಿಂಗಡಿಸಿದೆ. ಈ ಚಿತ್ರಕ್ಕೆ 13+ ಸಿಕ್ಕಿದೆ. ಐವತ್ತು ದಾಟಿದವರು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬೇಕೋ ಬೇಡವೋ ಎಂಬ ಬಗ್ಗೆ ಮಂಡಳಿ ಏನೂ ಹೇಳಿಲ್ಲ.

ಹತ್ತಕ್ಕೆ ಹತ್ತು ಕೊಟ್ಟವರನ್ನು ಬಿಟ್ಟರೆ ಪಕ್ಷಪಾತವಾದೀತು. 'ಕಣ್ಣೀರು ತಡೆಯಲಾಗಲಿಲ್ಲ, ಕನ್ನಡ ಚಿತ್ರರಂಗದ ಮೈಲಿಗಲ್ಲು' ಎಂಬ ಒಂದೇ ವಾಕ್ಯ ಒಂದೇ ತಪ್ಪು ಅಕ್ಷರದೊಂದಿಗೆ ಹದಿನಾಲ್ಕು ಹೆಸರುಗಳಲ್ಲಿದೆ. ನಿರ್ದೇಶಕರ ಚಿಕ್ಕಪ್ಪಂದಿರೋ ಪ್ರಚಾರದ ಗುತ್ತಿಗೆದಾರರೋ ತಿಳಿಯದು. ಚಿಕ್ಕಪ್ಪಂದಿರೇ ಆಗಿದ್ದರೆ ಅವರು ಹಾಸನಕ್ಕೆ ಬಂದು ಟಿಕೆಟ್ ತೆಗೆದುಕೊಳ್ಳಬಹುದಿತ್ತು. ನಾವು ಮೆಟ್ಟಿಲಿನ ಮೇಲೆ ನಲವತ್ತು ನಿಮಿಷ ಕಾಯುವುದು ತಪ್ಪುತ್ತಿತ್ತು.

ದೊಡ್ಡ ಚಿತ್ರಗಳಿಗೆ ಈ ಕಾಟವಿಲ್ಲ. ಅವರ ನಿರ್ಮಾಪಕರು ನ್ಯಾಯಾಲಯಕ್ಕೆ ಹೋಗಿ ಆದೇಶ ತರುತ್ತಾರೆ. ಟಿಕೆಟ್ ಆ್ಯಪಿನಲ್ಲಿ ಸ್ಟಾರು ಇರಬೇಕಾದ ಜಾಗದಲ್ಲಿ, ಕೋರ್ಟಿನ ಆದೇಶದಂತೆ ರೇಟಿಂಗ್ ನಿಲ್ಲಿಸಲಾಗಿದೆ ಎಂಬ ಸಾಲು ಬರುತ್ತದೆ. ಅಪಪ್ರಚಾರದಿಂದ ರಕ್ಷಣೆ ಬೇಕೆಂಬುದು ಅವರ ವಾದ. ಕೋಟಿಗಟ್ಟಲೆ ಬಂಡವಾಳಕ್ಕೆ, ಊರ ತುಂಬ ಕಟೌಟಿಗೆ, ನಡುರಾತ್ರಿಯ ಆಟಕ್ಕೂ ಹೌಸ್‌ಫುಲ್ ಆಗುವ ಅಭಿಮಾನಕ್ಕೆ ರಕ್ಷಣೆ. ವಕೀಲರ ಫೀಸಿನಷ್ಟೂ ಪ್ರಚಾರದ ಹಣವಿಲ್ಲದ ಈ ಚಿತ್ರ ಮಾತ್ರ ನೋಡದವರ ಕೈಗೆ ಸಿಕ್ಕಿ ಶುಕ್ರವಾರ ಮಧ್ಯಾಹ್ನಕ್ಕೇ ನೆಲಕಚ್ಚಿತು. ರೇಟಿಂಗ್ ನೋಡಿ ಜನ ಬರಲಿಲ್ಲ, ಜನ ಬರಲಿಲ್ಲವೆಂದು ಆಟ ತೆಗೆದರು, ಆಟ ತೆಗೆದದ್ದನ್ನು ನೋಡಿ 'ನಾನು ಮೊದಲೇ ಹೇಳಿರಲಿಲ್ಲವೇ' ಎಂದು ಮತ್ತೊಬ್ಬರು ಒಂದು ಸ್ಟಾರು ಕೊಟ್ಟರು.

ಇಷ್ಟಕ್ಕೂ ನಗಬಹುದಿತ್ತು. ಆದರೆ ಮಂಗಳವಾರ ಬೆಳಿಗ್ಗೆ ಅದೇ ಮಂದಿ, ಅದೇ ಪಾರ್ಕಿನ ಅದೇ ಕಲ್ಲುಬೆಂಚಿನ ಮೇಲೆ, 'ಮಲಯಾಳಂನೋರನ್ನ ನೋಡಿ ಕಲೀಬೇಕು ಸಾರ್, ಎಷ್ಟು ಸಣ್ಣ ವಿಷಯ ಇಟ್ಕೊಂಡು ಎಷ್ಟು ಚೆನ್ನಾಗಿ ಮಾಡ್ತಾರೆ, ನಮ್ಮಲ್ಲಿ ಅಂಥವು ಯಾಕೆ ಬರಲ್ಲ?' ಎಂದಾಗ ನನಗೆ ನಗು ಬರಲಿಲ್ಲ. ಬಂದಿತ್ತು. ನಿಮ್ಮ ಮನೆಯಿಂದ ಎರಡು ಕಿಲೋಮೀಟರಿನಲ್ಲಿ, ನಿಮ್ಮ ಭಾಷೆಯಲ್ಲಿ, ನಿಮ್ಮ ಅವರೆಕಾಳನ್ನೇ ಇಟ್ಟುಕೊಂಡು ಬಂದಿತ್ತು. ನಾಲ್ಕು ದಿನ ಇತ್ತು. ನೀವು ಮೊಬೈಲಿನಲ್ಲಿ ಅದರ ಕತ್ತು ಹಿಸುಕಿ, ಈಗ ಹೆಣದ ಮುಂದೆ ಕುಳಿತು ಕನ್ನಡದಲ್ಲಿ ಮಕ್ಕಳೇ ಹುಟ್ಟುವುದಿಲ್ಲವೆಂದು ಕೊರಗುತ್ತಿದ್ದೀರಿ. ಈ ಮಾತನ್ನು ನಾನು ಅಲ್ಲಿ ಹೇಳಲಿಲ್ಲ. ಹೇಳಿ ಹೇಳಿ ಸಾಕಾಗಿದೆ. 'ಹೌದು ಸಾರ್' ಎಂದು ಇನ್ನೊಂದು ಸುತ್ತು ನಡೆದೆ.

ಆದರೂ ಆ ಕುಕ್ಕರಿನ ಆಕ್ಷೇಪವೊಂದು ಮನಸ್ಸಿನಲ್ಲಿ ಕುಟುಕುತ್ತಲೇ ಇತ್ತು. ಅಂದು ಸಂಜೆ ಕಟ್ಟಿನಕೆರೆ ಮಾರುಕಟ್ಟೆಯ ಕಡೆ ಹೋದವನು ಪಾತ್ರೆ ಅಂಗಡಿಯೊಂದಕ್ಕೆ ನುಗ್ಗಿ, ಒಂದು ವೇಟು ಎಷ್ಟೆಂದು ಕೇಳಿದೆ. 'ಯಾವ ಕಂಪನಿದು ಸಾರ್?' ಎಂದರು ಅಂಗಡಿಯವರು. ಗೊತ್ತಿಲ್ಲವೆಂದೆ. 'ಹಂಗೆಲ್ಲ ಕೊಡಕ್ಕಾಗಲ್ಲ ಸಾರ್. ಒಂದೊಂದು ಕಂಪನಿಗೂ ಒಂದೊಂದು ಥರ. ಬೇರೆದು ಹಾಕಿದ್ರೆ ಸರಿಯಾಗಿ ಕೂರಲ್ಲ, ಪಕ್ಕದಿಂದ ಆವಿ ಹೋಗುತ್ತೆ, ಅಪಾಯ ಬೇರೆ. ಹಳೇ ಮಾಡೆಲ್ ಆದ್ರೆ ಸಿಗೋದೂ ಕಷ್ಟ. ಮನೇಲೇ ಎಲ್ಲೋ ಇರುತ್ತೆ, ಹುಡುಕಿ.'

ಈ ತಾಂತ್ರಿಕ ಅಭಿಪ್ರಾಯವನ್ನು ಮರುದಿನ ಹಾಲಿನ ಬೂತಿನ ಬಳಿ ಮೇಷ್ಟ್ರ ಮುಂದಿಟ್ಟೆ. ಅವರು ಪ್ರಾಮಾಣಿಕರು. ಸ್ವಲ್ಪ ಹೊತ್ತು ಯೋಚಿಸಿ, 'ಹಂಗಾದ್ರೆ ಇನ್ನೊಂದು ಸ್ಟಾರ್ ಕೊಡಬಹುದಿತ್ತು ಕಣಪ್ಪ. ಈಗ ತಿದ್ದಕ್ಕಾಗುತ್ತಾ ನೋಡು' ಎಂದು ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಹಾಸನದ ಪಟ್ಟಿಯಲ್ಲಿ ಆ ಚಿತ್ರದ ಹೆಸರು ಎಲ್ಲೂ ಇರಲಿಲ್ಲ. ಅದರ ಜಾಗದಲ್ಲಿ ಮಚ್ಚು ಹಿಡಿದ ನಾಯಕನ ಹೊಸ ಪೋಸ್ಟರು ಬಂದಿತ್ತು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಅದನ್ನೇ ದಿಟ್ಟಿಸಿದರು.

'ಇದು ಚೆನ್ನಾಗಿದೆ. ಇದಕ್ಕೆ ನಾಲ್ಕು ಹಾಕು.'

ಅದು ಬಿಡುಗಡೆಯಾಗುವುದು ಬರುವ ಶುಕ್ರವಾರ.