ಆಳೋರಿಗಿ ಅಧಿಕಾರ ಕೊಟ್ಟಾಂವ ದೇವರೇ ಅಂದ್ರ, ನಾವು ಎದುರು ಮಾತಾಡಬಾರದೇನು?

ಇಬ್ರೂ ಬೀದರ್ ಕಡಿಯವ್ರು, ಒಂದೇ ಚರ್ಚ್ ಸಭೆಯವ್ರು. ಬೈಬಲ್‌ದಾಗ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ (ರೋಮಾ 13) ಮುಂದಿಟ್ಕೊಂಡು ಒಬ್ರು ಹೌದು ಅಂತಾರ, ಒಬ್ರು ಅಲ್ಲ ಅಂತಾರ.

ಪರ: ಕುರ್ಚಿ ಮ್ಯಾಲ ಯಾರೇ ಕುಂದರ್ಲಿ, ಮರ್ಯಾದಿ ಕೊಡಬೇಕು
(ರಿಟೈರ್ ಆದ ಸಾಲಿ ಮಾಸ್ತರ್, ಬೀದರ್)

ಎಲೆಕ್ಷನ್ ರಿಸಲ್ಟ್ ಬಂದ ದಿನ ನಮ್ ಮಂದಿಗಿ ರೋಮಾ 13 ನೆನಪಾಗ್ತದ, ಅದೂ ತಮ್ ಪಾರ್ಟಿ ಗೆದ್ದ್ರ ಅಷ್ಟೇ. ಗೆದ್ದ್ರ ದೇವರೇ ನೇಮಿಸ್ಯಾನ ಅಂತಾರ, ಸೋತ್ರ ಅಂತ್ಯಕಾಲ ಬಂತು ನೋಡ್ರಿ ಅಂತಾರ. ಕಮಲ ಬರ್ಲಿ ಕೈ ಬರ್ಲಿ, ಈ ವಾಕ್ಯ ಯಾರ ಪಾರ್ಟಿ ಸಲುವಾಗೂ ಬರದಿದ್ದಲ್ಲ.

ಪೌಲ ಆ ಪತ್ರ ಬರಿಯೋವಾಗ ರೋಮ್‌ದಾಗ ಚಕ್ರವರ್ತಿ ಯಾರಿದ್ದ? ನೀರೋ. ಕ್ರಿ.ಶ. 54ಕ್ಕ ಪಟ್ಟಕ್ಕ ಬಂದಾಂವ, ಪತ್ರ ಬರದಿದ್ದು 57ರ ಸುಮಾರಿಗಿ ಅಂತ ಓದಿದವ್ರು ಹೇಳ್ತಾರ. ಮುಂದ ಕ್ರೈಸ್ತರನ್ನ ಕೊಲ್ಲಿಸಿದ್ದೂ ಇದೇ ನೀರೋನೇ. ಅಂಥಾ ರಾಜ್ಯಕ್ಕ ತೆರಿಗಿ ಕೊಡ್ರಿ, ಮರ್ಯಾದಿ ಕೊಡ್ರಿ, ಅಧಿಕಾರ ದೇವರ ಕಡಿಂದ ಬಂದದ್ದು ಅಂತ ಪೌಲ ಬರದ. ಆಳಾಂವ ಭಾಳ ಒಳ್ಳ್ಯಾಂವ ಅದಾನ ಅಂತ ಬರದಿದ್ದಲ್ಲ ಇದು, ಅವನ ಮ್ಯಾಲ ಇನ್ನೊಬ್ಬಾಂವ ಅದಾನ ಅಂತ ಬರದಿದ್ದು. ಯೇಸುಸ್ವಾಮಿ ರೋಮಿನ ಅಧಿಪತಿ ಪಿಲಾತನ ಮುಂದ ಕೈದಿಯಾಗಿ ನಿಂತಾಗೂ ಇದನ್ನೇ ಹೇಳ್ದ, ಮ್ಯಾಲಿಂದ ಕೊಡದಿದ್ರ ನನ್ ಮ್ಯಾಲ ನಿನಗ ಯಾವ ಅಧಿಕಾರನೂ ಇರ್ತಿದ್ದಿಲ್ಲ ಅಂತ. ಅದು ಪಿಲಾತನಿಗಿ ಸರ್ಟಿಫಿಕೇಟ್ ಅಲ್ರಿ, ಅವನಿಗಿ ಅವನ ಜಾಗ ತೋರಿಸಿದ್ದು.

ಅದಕ್ಕ ನಾ ಹೇಳೋದು, ದೇವರ ಅಧಿಕಾರ ನಂಬಾಂವ ಯಾವ ಲೀಡರ್‌ಗೂ ಭಕ್ತ ಆಗಂಗಿಲ್ಲ, ಯಾವ ಲೀಡರ್‌ನ್ನೂ ಸೈತಾನ ಅನ್ನಂಗಿಲ್ಲ. ಇವತ್ತ ಇದ್ದಾಂವ ನಾಳಿ ಇರಂಗಿಲ್ಲ, ಬಾಬೆಲ್ ಹೋಯ್ತು, ರೋಮ್ ಹೋಯ್ತು, ಹೈದ್ರಾಬಾದ್ ನಿಜಾಮ ಹೋದ.

ನಿಜಾಮನ ಹೆಸರು ಬಂತಂದ್ರ ಒಂದ್ ಮಾತು ಹೇಳ್ಲೇಬೇಕು, ಯಾಕಂದ್ರ ಬೆಂಗಳೂರು ಮೈಸೂರು ಕಡಿಯವ್ರಿಗಿ ಇದು ತಿಳಿಯಂಗಿಲ್ಲ. 1948ರಾಗ ನಮ್ ಬೀದರ್ ನಿಜಾಮನ ಕೈಯಾಗೇ ಇತ್ತು, ಮೊದಲು ನಿಜಾಮನ ಪರ ಇದ್ದ ರಜಾಕಾರ್ ಪಡೆ ಹಾವಳಿ, ಸೆಪ್ಟೆಂಬರ್ 13ಕ್ಕ ಭಾರತದ ಫೌಜು ಬಂತು, 17ಕ್ಕ ನಿಜಾಮ ಶರಣಾದ, ಆಮ್ಯಾಲ ಉಲ್ಟಾ ಮುಸ್ಲಿಮರ ಕೊಲಿ ಸುರು ಆದ್ವು. ನೆಹರೂ ಕಳಿಸಿದ ಸುಂದರ್‌ಲಾಲ್ ಕಮಿಟಿ ಊರೂರು ತಿರುಗಿ ಬಂದು ಸತ್ತವ್ರು 27 ಸಾವಿರದಿಂದ 40 ಸಾವಿರ ಇರಬಹುದು ಅಂತ ಬರದ್ರು, ಭಾಳ ಕೆಟ್ಟಿದ್ದು ನಾಕು ಜಿಲ್ಲಾ, ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಅಂದ್ರ ನಮ್ ಜಿಲ್ಲಾ, ಬಾಜೂ ಜಿಲ್ಲಾ. ಸರ್ಕಾರ ಅನ್ನೋದು ಕೆಲವು ತಿಂಗಳು ಸಡಿಲಾದ್ರ ಮನುಷ್ಯ ಏನ್ ಮಾಡ್ತಾನ ಅನ್ನೋದು ನಾವು ಪುಸ್ತಕದಾಗ ಓದಿ ತಿಳಕೊಂಡಿಲ್ಲ, ನಮ್ ಹಿರೇರು ಕಣ್ಣಾರೆ ನೋಡಿ ನಮಗ ಹೇಳ್ಯಾರ. ಕೆಟ್ಟ ತಹಶೀಲ್ದಾರ ಇರೋದು ತಹಶೀಲ್ದಾರನೇ ಇಲ್ಲದ್ದಕ್ಕಿಂತ ಛಲೋ. ಪೌಲನಿಗೂ ಇದು ಗೊತ್ತಿತ್ತು ಅಂತ ನನ್ ಅನಿಸಿಕಿ.

ಹಂಗಾದ್ರ ಬೈಬಲ್‌ದಾಗ ಅಪೊಸ್ತಲರ ಕೃತ್ಯ 5:29 ಏನ್ರಿ, ಮನುಷ್ಯರಿಗಿಂತ ದೇವರಿಗಿ ಮೊದಲು ವಿಧೇಯರಾಗಬೇಕು ಅಂತ ಯೇಸುವಿನ ಶಿಷ್ಯ ಪೇತ್ರ ಹೇಳಿಲ್ಲೇನ್ರಿ ಅಂತ ಹುಡುಗೂರು ಕೇಳ್ತಾರ. ಹೇಳ್ಯಾನ. ಯಾವಾಗ? ಯೇಸುವಿನ ಹೆಸರೇ ಎತ್ತಬ್ಯಾಡ್ರಿ ಅಂದಾಗ. ಬೈಬಲ್‌ದಾಗಿನ ದಾನಿಯೇಲನ್ನ ನೋಡ್ರಿ, ರಾಜನ ಕಡಿಯವ್ರು ಪ್ರಾರ್ಥನೆ ಬಿಡು ಅಂದಾಗ ಬಿಡಲಿಲ್ಲ, ಸಿಂಹದ ಗವಿಗಿ ಹೋದ, ಆದ್ರ ಉಳಿದ ದಿನ ಪೂರಾ ಆ ರಾಜರದೇ ದರ್ಬಾರ್‌ದಾಗ ನೌಕ್ರಿ ಮಾಡ್ದ, ಒಬ್ಬ ರಾಜ ಹೋಗಿ ಇನ್ನೊಬ್ಬ ಬಂದ್ರೂ ಮಾಡ್ದ. ನಾನೂ ಎಷ್ಟೋ ಸರ್ಕಾರದ ಕೈಯಾಗ ಪಗಾರ ತಗೊಂಡೀನಿ, ನನಗ ಆ ಮನುಷ್ಯ ಅಂದ್ರ ಭಾಳ ಪ್ರೀತಿ.

ಇನ್ನ ಪುಲ್ಪಿಟ್ ಮ್ಯಾಲ, ಅಂದ್ರ ಚರ್ಚಿನಾಗ ಉಪದೇಶ ಮಾಡೋ ಜಾಗದಾಗ, ರಾಜಕೀಯ ಮಾತಾಡೋ ಪಾಸ್ಟರ್‌ಗೋಳು. ಧರ್ಮದ ಹೆಸರಿಲೆ ವೋಟ್ ಕೇಳೋದು 1951ರ ಜನಪ್ರಾತಿನಿಧ್ಯ ಕಾಯ್ದೆ ಪ್ರಕಾರ ಭ್ರಷ್ಟ ನಡವಳಿಕಿ, 2017ಕ್ಕ ಸುಪ್ರೀಂ ಕೋರ್ಟಿನ ಏಳು ಜಡ್ಜ್‌ರ ಪೀಠ ಇದನ್ನ ಇನ್ನೂ ಬಿಗಿ ಮಾಡ್ಯದ. ಕ್ಯಾಥೊಲಿಕ್‌ದವ್ರದು ಛಲೋ ಅದ, ಅವರ 1983ರ ಚರ್ಚ್ ಕಾನೂನಿನಾಗ ಫಾದರ್‌ಗೋಳು ಸರ್ಕಾರಿ ಅಧಿಕಾರದ ಹುದ್ದಿಗಿ ಹೋಗಂಗಿಲ್ಲ. ಪ್ರಾರ್ಥನೆ ಮಾಡ್ರಿ, ವೋಟ್ ಹಾಕ್ರಿ, ಟ್ಯಾಕ್ಸ್ ಕಟ್ರಿ, ಮನಿಗಿ ಹೋಗ್ರಿ.

ವಿರೋಧ: ಕುರ್ಚಿಗಿ ಮರ್ಯಾದಿ ಸರಿ, ಕುಂತಾಂವ ಹೇಳಿದ್ದೆಲ್ಲ ಸರಿ ಅಲ್ಲ
(ಸ್ಟಾಫ್ ನರ್ಸ್, ಕಲಬುರಗಿ, ತವರುಮನಿ ಬೀದರ್)

ಮಾಸ್ತರ್ರು ನನಗ ಸಂಡೇ ಸ್ಕೂಲ್‌ದಾಗ ಕಲಿಸ್ಯಾರ, ಅದಕ್ಕ ಗೌರವ ಇಟ್ಕೊಂಡೇ ಹೇಳ್ತೀನಿ, ಅವರು ದಾನಿಯೇಲನ ಪುಸ್ತಕ ತಮಗ ಬೇಕಾದಷ್ಟೇ ಓದ್ಯಾರ. ಅದೇ ಪುಸ್ತಕದ 4ನೇ ಅಧ್ಯಾಯದಾಗ ದಾನಿಯೇಲ ರಾಜನ ಮುಂದ ನಿಂತು ನಿನ್ ಪಾಪ ಬಿಡು, ಬಡವರಿಗಿ ಕರುಣೆ ತೋರ್ಸು ಅಂತ ಮುಖಕ್ಕೇ ಹೇಳ್ತಾನ. ನೌಕ್ರಿ ಮಾಡ್ಕೋತನೇ ಹೇಳ್ದ.

ಪೂಜೆ ಪ್ರಾರ್ಥನೆ ನಿಲ್ಲಿಸಿದ್ರ ಮಾತ್ರ ಎದುರು ನಿಲ್ಲಬೇಕು, ಉಳಿದಿದ್ದಕ್ಕೆಲ್ಲ ಸುಮ್ನಿರಬೇಕು ಅನ್ನೋ ಗೆರಿ ಬೈಬಲ್‌ದಾಗ ಎಲ್ಲದ? ನಾ ಹೆರಿಗಿ ವಾರ್ಡ್‌ದಾಗ ಕೆಲಸ ಮಾಡಾಕಿ, ನನಗ ಮೊದಲು ನೆನಪಾಗೋದು ವಿಮೋಚನಕಾಂಡದ ಮೊದಲನೇ ಅಧ್ಯಾಯದ ಇಬ್ರು ಸೂಲಗಿತ್ತಿಯರು. ಗುಲಾಮರಾಗಿದ್ದ ಇಬ್ರಿಯರಿಗಿ ಗಂಡುಕೂಸು ಹುಟ್ಟಿದ್ರ ಕೊಲ್ಲ್ರಿ ಅಂತ ಈಜಿಪ್ಟಿನ ರಾಜ ಫರೋಹನ ಆರ್ಡರ್. ಅವನೇನು ಪ್ರಾರ್ಥನೆ ಬಿಡ್ರಿ ಅಂದಿರಲಿಲ್ಲ. ಆದ್ರೂ ಅವರು ಕೊಲ್ಲಲಿಲ್ಲ. ಯಾಕ ಅಂತ ಕರಿಸಿ ಕೇಳ್ದಾಗ, ಆ ಹೆಣಮಕ್ಕಳು ಗಟ್ಟಿ ಅದಾರ್ರಿ, ನಾವು ಹೋಗೋದ್ರಾಗೇ ಹಡದಿರ್ತಾರ ಅಂತ ರಾಜನಿಗೇ ಒಂದು ಕಥಿ ಹೇಳಿ ಬಂದ್ರು, ಖರೇ ಹೇಳ್ತೀನಿ ಅದನ್ನ ಓದಿದಾಗೆಲ್ಲ ನನಗ ನಗು ಬರ್ತದ, ನೈಟ್ ಡ್ಯೂಟಿ ಮಾಡಿದವ್ರಿಗಿ ಗೊತ್ತು ಮ್ಯಾಲಿನವ್ರಿಗಿ ಹೆಂಗ ಉತ್ತರ ಕೊಡಬೇಕಂತ. ದೇವರು ಅವರಿಗಿ ಬೈಯಲಿಲ್ಲ, ಒಳ್ಳೇದು ಮಾಡ್ದ ಅಂತ ಬರದದ. ಆ ಅಧ್ಯಾಯದಾಗ ಇಬ್ರ ಹೆಸರೂ ಅವ, ಫರೋಹನ ಹೆಸರೇ ಇಲ್ಲ.

ಬೈಬಲ್‌ದಾಗಿನ ನಾಬೋತನ ಕಥಿನೂ ಹಂಗೇ. ಅಹಾಬ ರಾಜನಿಗಿ ಅವನ ದ್ರಾಕ್ಷಿ ತೋಟ ಬೇಕಾಗಿತ್ತು, ಅಪ್ಪ ಅಜ್ಜನ ಆಸ್ತಿ ಕೊಡಂಗಿಲ್ಲ ಅಂದ, ಸುಳ್ಳು ಸಾಕ್ಷಿ ಹಾಕ್ಸಿ ಕೊಲ್ಲಿಸಿದ್ರು. ಪ್ರವಾದಿ ಎಲೀಯ ಆ ತೋಟಕ್ಕೇ ಹೋಗಿ ರಾಜನ್ನ ಕೇಳ್ದ, ಕೊಂದೂ ಕೊಂದೆ, ಕಸ್ಕೊಂಡೂ ಕಸ್ಕೊಂಡಿ ಅಲ್ಲೇನು ಅಂತ. ಪೂರಾ ಹೊಲದ ಜಗಳ ಅದು. ನಮ್ ಕಡಿ ಪಹಣಿ ಹಿಡ್ಕೊಂಡು ತಹಶೀಲ್ ಆಫೀಸಿಗಿ ತಿರುಗೋ ರೈತನಿಗಿ ಈ ಕಥಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪೌಲನ್ನ ಮಾಸ್ತರ್ರು ಪೂರಾ ಸಾಧು ಮಾಡಿಬಿಟ್ಟಾರ. ಫಿಲಿಪ್ಪಿ ಅನ್ನೋ ಊರೊಳಗ ಅವನನ್ನ ವಿಚಾರಣಿ ಮಾಡ್ದೇ ಹೊಡದು ಜೈಲಿಗಿ ಹಾಕಿದ್ರು, ಮರುದಿನ ಗುಪ್ತಾಗಿ ಬಿಟ್ಟುಬಿಡ್ರಿ ಅಂತ ಅಧಿಕಾರಿಗೋಳು ಹೇಳಿಕಳಿಸಿದ್ರ ಪೌಲ ಹೋಗಲೇ ಇಲ್ಲ, ನಾವು ರೋಮಿನ ಪ್ರಜೆಗಳು, ಅವರೇ ಬಂದು ನಮ್ಮನ್ನ ಹೊರಗ ಕರಕೊಂಡು ಹೋಗ್ಲಿ ಅಂದ. ಬಂದ್ರು, ಕೈಮುಗಿದು ಕೇಳ್ಕೊಂಡ್ರು. ರೋಮಾ 13 ಬರದ ಕೈಯೇ ಅದು!

1948ರ ಮಾತು ಎತ್ತಿದ್ದು ಛಲೋ ಆಯ್ತು. ನಮ್ ಮನ್ಯಾಗೂ ಆ ಕಥಿ ಅವ. ಆದ್ರ ಅದೇ ಸುಂದರ್‌ಲಾಲ್ ವರದಿಯೊಳಗ ಇನ್ನೊಂದು ಮಾತು ಅದಲ್ಲ ಮಾಸ್ತರ್, ಕೆಲವು ಕಡಿ ಫೌಜು ಪೊಲೀಸ್‌ದವ್ರೇ ಲೂಟಿಗಿ ಕುಮ್ಮಕ್ಕು ಕೊಟ್ಟ್ರು ಅಂತ. ಸರ್ಕಾರ ಇಲ್ಲಂತ ಅಷ್ಟೇ ಜನ ಸಾಯಲಿಲ್ಲ, ಯೂನಿಫಾರ್ಮ್ ಹಾಕ್ಕೊಂಡವ್ರು ಹೇಳಿದ್ದೂ ಒಂದು ಕಾರಣ. ಅವತ್ತ ಒಬ್ಬ ಸಿಪಾಯಿ ಇಲ್ಲ ನಾ ಈ ಆರ್ಡರ್ ಕೇಳಂಗಿಲ್ಲ ಅಂದಿದ್ರ ಅವನನ್ನ ರೋಮಾ 13 ಮುರದಾಂವ ಅಂತಿದ್ದೇವೇನು?

ಹೊರಗಿನ ಮಂದಿ ಈ ವಾಕ್ಯ ಹೆಂಗ ಬಳಸಿದ್ರು ಅನ್ನೋದೂ ನೋಡ್ರಿ. ಜರ್ಮನಿದಾಗ ಹಿಟ್ಲರ್ ಬಂದಾಗ ಭಾಳ ಚರ್ಚ್ ಸಭೆಗೋಳು ತಲಿ ಬಾಗಿಸಿದ್ವು, 1934ರಾಗ ಅಲ್ಲೇ ಬಾರ್ಮನ್ ಊರಾಗ ಸೇರಿದವ್ರು ಸಭೆಗಿ ಒಡೆಯ ಕ್ರಿಸ್ತ ಒಬ್ಬನೇ ಅಂತ ಘೋಷಣಾ ಮಾಡಿದ್ರು. ಹಿಟ್ಲರ್‌ಗಿ ಎದುರು ನಿಂತ ಪಾಸ್ಟರ್ ಬೊನ್‌ಹೋಫರ್‌ನ್ನ 1945ರ ಏಪ್ರಿಲ್ 9ಕ್ಕ ಗಲ್ಲಿಗಿ ಹಾಕಿದ್ರು. ದಕ್ಷಿಣ ಆಫ್ರಿಕಾದಾಗ ಬಿಳೇರ ಸರ್ಕಾರ ಇದೇ ಅಧ್ಯಾಯ ಎತ್ತಿ ತೋರಿಸ್ತಿತ್ತು, 1985ರಾಗ ಅಲ್ಲಿನ ಕ್ರೈಸ್ತರು ಕೈರೋಸ್ ಅನ್ನೋ ಪತ್ರ ಬರದು ಇದು ದೇವರ ಮಾತಲ್ಲ ಸರ್ಕಾರದ ಮಾತು ಅಂದ್ರು. ಅಷ್ಟ್ ದೂರ ಯಾಕ, ನಮ್ ಬಸವಕಲ್ಯಾಣ ಇಲ್ಲೇ ಅದ. ಬಸವಣ್ಣೋರು ಬಿಜ್ಜಳನ ಭಂಡಾರಿ, ಮಾಸ್ತರ್ರಂಗ ಸರ್ಕಾರಿ ಪಗಾರದವ್ರೇ, ಆದ್ರ ಹರಳಯ್ಯ ಮಧುವರಸರ ಜಾತಿ ಮೀರಿದ ಬೀಗತನದ ಟೈಮಿಗಿ ಅವರು ರಾಜನ ಬಾಜೂ ನಿಂದ್ರಲಿಲ್ಲ.

ಆದ್ರ ನನ್ ದೊಡ್ಡ ತಕರಾರು ಇದು ಯಾವುದೂ ಅಲ್ಲ. ಪೌಲನ ಕಾಲಕ್ಕ ಕೈಸರ, ಅಂದ್ರ ರೋಮಿನ ಚಕ್ರವರ್ತಿ ಇದ್ದ, ಅವನನ್ನ ಆರಿಸೋ ಹಕ್ಕು ಪ್ರಜೆಗಿರಲಿಲ್ಲ. ನಮ್ ಕಡಿ 1950ರ ಜನವರಿ 26ರಿಂದ ಸಂವಿಧಾನ ಅದ, ಅದು ಸುರು ಆಗೋದೇ ಭಾರತದ ಜನರಾದ ನಾವು ಅಂತ. ಅಂದ್ರ ದೇವರು ಅಧಿಕಾರ ಇಟ್ಟಿದ್ದರಾಗ ನನ್ ಪಾಲೂ ಅದ, ಮಾಸ್ತರ್ರದೂ ಅದ. ಎಂಎಲ್‌ಎಗಿ ಪ್ರಶ್ನೆ ಕೇಳಾಂವ, ಆರ್‌ಟಿಐ ಹಾಕಾಂವ, ಕೋರ್ಟಿಗಿ ಹೋಗಾಂವ ದಂಗೆ ಎಬ್ಬಸ್ಲತಿಲ್ಲ, ತನಗ ಕೊಟ್ಟ ಕೆಲಸ ಮಾಡ್ಲತ್ಯಾನ. ಕೇರಳದಾಗ ಯೆಹೋವನ ಸಾಕ್ಷಿಗಳು ಅನ್ನೋ ಪಂಥದ ಮೂರು ಮಕ್ಕಳು ರಾಷ್ಟ್ರಗೀತೆ ಟೈಮಿಗಿ ಎದ್ದು ನಿಂತ್ರು, ಹಾಡಲಿಲ್ಲ, ಸಾಲಿಯಿಂದ ತೆಗದ್ರು. 1986ಕ್ಕ ಸುಪ್ರೀಂ ಕೋರ್ಟು ಮಕ್ಕಳದೇ ಸರಿ ಅಂತು. ನಾ ಆಗಿದ್ರ ಹಾಡ್ತಿದ್ದೆ, ಅದು ಬ್ಯಾರೆ ಮಾತು.

ಪುಲ್ಪಿಟ್ ಮ್ಯಾಲ ಪಾರ್ಟಿ ಹೆಸರು ಬ್ಯಾಡ ಅನ್ನೋದಕ್ಕ ನಂದೂ ಹೂಂ. ಆದ್ರ ವೋಟ್ ಹಾಕಿ ಮನಿಗಿ ಹೋಗ್ರಿ ಅಂದ್ರ ನಮ್ಮವ್ರ ಪೈಕಿ ದಲಿತ ಕ್ರೈಸ್ತರು ಎಲ್ಲಿಗಿ ಹೋಗಬೇಕು? 1950ರ ರಾಷ್ಟ್ರಪತಿ ಆದೇಶದಾಗ ಎಸ್‌ಸಿ ಅಂದ್ರ ಹಿಂದೂಗೋಳು ಅಷ್ಟೇ ಅಂತಿತ್ತು, 1956ಕ್ಕ ಸಿಖ್ಖರು ಸೇರಿದ್ರು, 1990ಕ್ಕ ಬೌದ್ಧರು ಸೇರಿದ್ರು, ನಾವು ಇನ್ನೂ ಹೊರಗೇ. ಸುಪ್ರೀಂ ಕೋರ್ಟಿನ್ಯಾಗ 2004ರಿಂದ ಕೇಸ್ ನಡದದ, 2022ಕ್ಕ ಮಾಜಿ ಚೀಫ್ ಜಸ್ಟಿಸ್ ಬಾಲಕೃಷ್ಣನ್ ಅವರ ಕಮಿಷನ್ ನೇಮಿಸಿದ್ರು. ಅಧಿಕಾರ ದೇವರಿಂದ ಬಂದದ ಅಂತ ಸುಮ್ನ ಕುಂತಿದ್ರ ಆ ಅರ್ಜಿ ಯಾರು ಬರೀತಿದ್ರು? ಅರ್ಜಿ ಹಾಕಿದವ್ರು ಆಳೋರ ಸಲುವಾಗಿ ಪ್ರಾರ್ಥನೆ ಮಾಡ್ರಿ ಅನ್ನೋ ವಾಕ್ಯ ಓದಿಲ್ಲ ಅಂತ ಅಲ್ಲ ಮಾಸ್ತರ್, ಐತಾರ ನಿಮ್ ಬಾಜೂನೇ ನಿಂತು ಅದೇ ಪ್ರಾರ್ಥನೆ ಮಾಡಿ ಸೋಮಾರ ವಕೀಲರ ಹತ್ರ ಹೋಗ್ತಾರ.