ಶಿಕ್ಷಕರಿಗೆ ಭಾವನಾತ್ಮಕ ಬುದ್ಧಿವಂತಿಕೆಯ ತರಬೇತಿ ಬೇಕೇ?

ಪರ: ಬೆತ್ತ ಬಿಟ್ಟೆವು, ನಾಲಿಗೆ?

ನಾಲ್ಕನೇ ಕ್ಲಾಸಿನ ಹುಡುಗಿ. ಏಳರ ಮಗ್ಗಿ ಹೇಳುವಾಗ ತಡವರಿಸಿದಳು. 'ನಿಮ್ಮಕ್ಕನ ಬುದ್ಧೀಲಿ ಅರ್ಧ ಆದ್ರೂ ನಿಂಗೆ ಬರಬಾರ್ದಿತ್ತಾ?' ಅಂದುಬಿಟ್ಟೆ. ಹೊಡೆಯಲಿಲ್ಲ, ಹೊರಗೆ ನಿಲ್ಲಿಸಲಿಲ್ಲ. ಅಂದದ್ದು ಅಷ್ಟೇ. ಆ ವರ್ಷವಿಡೀ ಅವಳು ನನ್ನ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ಯಾಕೆ ಅಂತ ನನಗೆ ಹೊಳೆಯಲೂ ಇಲ್ಲ.

ಹೊಳೆದದ್ದು ಎರಡು ವರ್ಷ ಕಳೆದ ಮೇಲೆ, ಭಾವನಾತ್ಮಕ ಬುದ್ಧಿವಂತಿಕೆಯ, ಅಂದರೆ ನಮ್ಮ ಮತ್ತು ಎದುರಿನವರ ಭಾವನೆ ಅರಿತು ನಡೆದುಕೊಳ್ಳುವುದರ, ಒಂದು ತರಬೇತಿಯಲ್ಲಿ. ಚೀಟಿ ಹಂಚಿ, 'ನಿಮ್ಮ ಮೇಷ್ಟ್ರು ಆಡಿದ, ಇವತ್ತಿಗೂ ಮರೆಯದ ಒಂದು ಮಾತು ಬರೆಯಿರಿ' ಅಂದರು. ನಲವತ್ತು ಜನ ಇದ್ದೆವು. ಹೆಚ್ಚಿನವರು ಬರೆದದ್ದು ನೋಯಿಸಿದ ಮಾತನ್ನೇ. ನಿವೃತ್ತಿಗೆ ಹತ್ತಿರವಿದ್ದ ಹೆಡ್‌ಮಾಸ್ಟರೊಬ್ಬರಿಗೆ ಚೀಟಿ ಓದಲು ಆಗಲಿಲ್ಲ. ಮಡಚಿ ಜೇಬಿಗೆ ಹಾಕಿಕೊಂಡರು. ನನಗೆ ಆ ಹುಡುಗಿ ನೆನಪಾದಳು. ಅಷ್ಟರಲ್ಲಿ ಅವಳು ಬೇರೆ ಶಾಲೆಗೆ ಹೋಗಿಯಾಗಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಎತ್ತಿಡುವುದು ಸುಲಭ. ಮಾತನ್ನು ಹಿಡಿಯುವುದು ಹೇಗೆ? ಡಿ.ಎಡ್.ನಲ್ಲಿ ಪಾಠಯೋಜನೆ ಬರೆಯುವುದು ಕಲಿತೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಈ ಸಿಟ್ಟು ಮಗುವಿನ ಮೇಲಿನದಾ, ಬೆಳಿಗ್ಗೆ ಮನೆಯಲ್ಲಿ ಆಡಿದ ಜಗಳದ್ದಾ, ತಪ್ಪಿದ ಬಸ್ಸಿನದ್ದಾ? ಬಾಯಿ ತೆರೆಯುವ ಮುಂಚೆ ಇಷ್ಟು ಕೇಳಿಕೊಳ್ಳುವುದನ್ನೂ ಕಲಿಯಬೇಕಾಗುತ್ತದೆ. ನಾನು ಕಲಿತದ್ದು ಆ ಚೀಟಿಯಿಂದ.

ಒಳ್ಳೆ ಶಿಕ್ಷಕರಿಗೆ ಇದೆಲ್ಲ ತಾನಾಗಿ ಬರುತ್ತದೆ ಅನ್ನುತ್ತಾರೆ. ನಾನು ಕೆಟ್ಟ ಶಿಕ್ಷಕಿಯಲ್ಲ, ನನಗೆ ಬಂದಿರಲಿಲ್ಲ. ಇನ್ನು ಪುರುಸೊತ್ತಿಲ್ಲ ಅನ್ನುವವರು, ಮನಸ್ಸಿಲ್ಲ ಅಂತ ನೇರವಾಗಿ ಹೇಳಲಿ. ಒಂದು ಮಗು ವರ್ಷಪೂರ್ತಿ ಬಾಯಿ ಮುಚ್ಚಿ ಕೂತರೆ, ಮುಗಿಸಿದ ಪಾಠ ಯಾರಿಗೆ?

ಈಗ ಕ್ಲಾಸಿಗೆ ಹೋಗುವ ಮುಂಚೆ ಬಾಗಿಲ ಹತ್ತಿರ ಒಂದು ನಿಮಿಷ ನಿಲ್ಲುತ್ತೇನೆ. ನಿಮ್ಮಕ್ಕ ಯಾರು, ನಿಮ್ಮಣ್ಣ ಯಾರು ಅಂತ ಯಾವ ಮಗುವನ್ನೂ ಕೇಳುವುದಿಲ್ಲ.

ವಿರೋಧ: ಮೊದಲು ಇನ್ನೊಬ್ಬರನ್ನು ಕೊಡಿ

ಇಂಥ ತರಬೇತಿ ಬೇಡವೇ ಬೇಡ ಅಂತ ನಾನು ಹೇಳಲಾರೆ. ಈಗಿರುವ ಸ್ಥಿತಿಯಲ್ಲಿ ಬೇಡ.

ನಮ್ಮದು ಒಂದರಿಂದ ಐದರವರೆಗಿನ ಶಾಲೆ. ಶಿಕ್ಷಕರು ಇಬ್ಬರೇ. ಅರವತ್ತು ಮಕ್ಕಳವರೆಗೆ ಇಬ್ಬರು ಸಾಕು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಒಬ್ಬರಿಗೆ ನಲಿ-ಕಲಿ, ಅಂದರೆ ಮೂರು ತರಗತಿ ಒಟ್ಟಿಗೆ. ಇನ್ನೊಬ್ಬರಿಗೆ ನಾಲ್ಕು ಮತ್ತು ಐದು. ಒಬ್ಬರು ತರಬೇತಿಗೆ ಹೋದ ದಿನ ಐದೂ ತರಗತಿ ಉಳಿದವರ ಮೇಲೆ. ಜೊತೆಗೆ ಬೆಳಗಿನ ಹಾಲು, ಬಿಸಿಯೂಟದ ಲೆಕ್ಕ, ಮಕ್ಕಳ ವಿವರವನ್ನು ಆನ್‌ಲೈನಿನಲ್ಲಿ ತುಂಬುವ ಸ್ಯಾಟ್ಸ್ ಎಂಟ್ರಿ. ನಾನು ಮಕ್ಕಳ ಮೇಲೆ ಜಾಸ್ತಿ ರೇಗುವುದು ಅಂಥ ದಿನವೇ. ಸಂಜೆ ಮನೆಗೆ ಹೋಗುವಾಗ ಬೇಜಾರಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ತರಬೇತಿ ಇರಬೇಕು ಅನ್ನುತ್ತದೆ. ಆ 50 ಗಂಟೆ ಕಣ್ಣು ಮುಚ್ಚಿ ಉಸಿರು ಎಣಿಸಿ ಕಳೆಯುವ ಬದಲು, ಭಾಗಾಕಾರ ಬಾರದ ಮಗುವಿಗೆ ಹೇಗೆ ಕಲಿಸುವುದು ಅಂತ ಹೇಳಿಕೊಡಬಹುದು. ಲೆಕ್ಕ ಬಂದ ದಿನ ಆ ಮಗುವಿಗೂ ಖುಷಿ, ನನಗೂ ಖುಷಿ.

ನಮ್ಮ ಶಾಲೆಗೆ ಮೂರನೇ ಶಿಕ್ಷಕರನ್ನು ಕೊಡಿ. ಆಮೇಲೆ ನಾನೇ ಹೆಸರು ಕೊಟ್ಟು ತರಬೇತಿಗೆ ಬರುತ್ತೇನೆ.